ಮೆಡಿಟರೇನಿಯನ್‌ಗೆ ಎಷ್ಟು ಸ್ಟೇಜು?

ಈ ಭೂಮಂಡಲದಲ್ಲಿ ಹೂಕುಂಡಕ್ಕೆ ಬಸ್ಸಿನಲ್ಲಿ ಫುಲ್ ಟಿಕೆಟ್ ತೆಗೆಸಿದ ಮನುಷ್ಯರು ಯಾರಾದರೂ ಇದ್ದರೆ ಅವರು ನಮ್ಮ ದೊಡ್ಡಪ್ಪ ಒಬ್ಬರೇ! ಅದೂ ಕಿಟಕಿ ಪಕ್ಕದ ಸೀಟಿಗೆ! ನಂಬದವರು ಬಳ್ಳಾರಿಯ ಗಾಂಧಿನಗರದ ಹಿಂದಿನ ಓಣಿಯಲ್ಲಿರುವ ನಮ್ಮ ಮನೆಗೆ ಬಂದು, ಕುಂಡದ ಕುತ್ತಿಗೆಗೆ ಅಂಟಿಸಿರುವ ಟಿಕೆಟನ್ನು ಪರಿಶೀಲಿಸಬಹುದು.

ದೊಡ್ಡಪ್ಪ ಬಳ್ಳಾರಿ–ಸಿರುಗುಪ್ಪ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದವರು. ನಿವೃತ್ತಿ ಅವರಿಗೆ ಆಯಿತೇ ಹೊರತು ಅವರ ಗಂಟಲಿಗೆ ಆಗಲಿಲ್ಲ. ಇಂದಿಗೂ ಊಟಕ್ಕೆ ಕುಳಿತರೆ, ಸಾರು ಬರಲಿ ಎನ್ನುವುದಕ್ಕೆ "ರೈಟ್!", ಅನ್ನ ಸಾಕು ಎನ್ನುವುದಕ್ಕೆ "ಹೋಲ್ಡಾನ್!"

ಅವರಿಗೆ ಕುಂಡದ ಹುಚ್ಚು ಹಿಡಿದದ್ದು ಟೈಲ್ಸ್ ಅಂಗಡಿಯೊಂದರ ಕ್ಯಾಲೆಂಡರಿನಿಂದ. ಸುಣ್ಣ ಬಳಿದ ಗೋಡೆ, ನೀಲಿ ಬಾಗಿಲು, ಉರಿಬಿಸಿಲು, ಅಂಗಳದ ತುಂಬ ಹೊಟ್ಟೆ ಉಬ್ಬಿದ ಕೆಂಪು ಮಣ್ಣಿನ ಕುಂಡಗಳು.

"ಲೇ ತಮ್ಮಾ, ಇದು ಯಾವೂರಲೇ?"

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. 'ಗೊತ್ತಿಲ್ಲ' ಎನ್ನುವ ಅಧಿಕಾರ ನನಗೆಲ್ಲಿದೆ? ಕನ್ನಡಕ ಸರಿಪಡಿಸಿಕೊಂಡು, ಉಚ್ಚಾರಣೆಯಲ್ಲಿ ಲೋಪ ಬಾರದಂತೆ, "ಮೆಡಿಟರೇನಿಯನ್ ತೀರ ಪ್ರದೇಶ, ದೊಡ್ಡಪ್ಪ" ಎಂದೆ.

"ಬಳ್ಳಾರಿಯಿಂದ ಎಷ್ಟು ಸ್ಟೇಜು?"

"ಸಮುದ್ರ ದಾಟಬೇಕು."

"ಬಿಸಲು ಮಾತ್ರ ನಮ್ಮೂರ್ದ ಐತಲ್ಲೋ! ಹಂಗಾರ ಕುಂಡನೂ ನಮ್ಮೂರಾಗ ಕುಂದ್ರತಾವ. ನಡಿ, ರೈಟ್!"

ಹೊರಟೆವು ಕುರುಗೋಡಿಗೆ. ಕುಂಬಾರರ ಅಂಗಳದಲ್ಲಿ ದೊಡ್ಡಪ್ಪ ಒಂದೊಂದು ಕುಂಡವನ್ನೂ ಬಸ್ಸಿನ ಮೈ ಬಡಿದಂತೆ ಬೆರಳ ಗಂಟಿನಿಂದ ಬಡಿದು, ಕಿವಿಗೊಟ್ಟು ಕೇಳಿದರು. "ಇದರ ದನಿ ಒಡದೈತಿ. ಇದು ಕುಡದಂಗ ವಾಲ್ತೈತಿ, ಇಳೀಲಿ!" ಕೊನೆಗೆ ಮೊಣಕಾಲೆತ್ತರದ ಒಂದು ಡೊಳ್ಳುಹೊಟ್ಟೆಯ ಕುಂಡ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು.

"ಬುಡಕ್ಕ ತೂತು ಹಾಕ್ಲೇನ್ರಿ, ಕಂಡಕ್ಟ್ರೇ?" ಎಂದರು ಕುಂಬಾರರು.

ದೊಡ್ಡಪ್ಪ ನನ್ನತ್ತ ತಿರುಗಿದರು. "ಬಿ.ಎ. ಏನಂತೈತಿ?"

ನಾನು ಕ್ಯಾಲೆಂಡರಿನ ಚಿತ್ರವನ್ನು ಸ್ಮರಿಸಿಕೊಂಡೆ. ಯಾವ ಕುಂಡದಲ್ಲೂ ತೂತು ಕಂಡಿರಲಿಲ್ಲ. ಚಿತ್ರದಲ್ಲಿ ಕುಂಡದ ಬುಡವೇ ಕಾಣುವುದಿಲ್ಲವೆಂಬ ಸಂಗತಿ ಆಗ ಹೊಳೆಯಬೇಕಲ್ಲ! "ಅಗತ್ಯವಿಲ್ಲ. ಮೆಡಿಟರೇನಿಯನ್ ಶೈಲಿಯ ಕುಂಡಗಳಿಗೆ ರಂಧ್ರ ಇರುವುದಿಲ್ಲ" ಎಂದು ಸ್ಪಷ್ಟವಾಗಿ ನುಡಿದೆ. ಕುಂಬಾರರು ಏನೋ ಹೇಳಲು ಬಾಯಿ ತೆರೆದರು. "ಹೋಲ್ಡಾನ್! ಓದಿದಾವ ಹೇಳ್ಯಾನ" ಎಂದು ದೊಡ್ಡಪ್ಪ ಆ ಬಾಯಿಯನ್ನು ಮುಚ್ಚಿಸಿದರು.

ಮರಳುವಾಗ ಬಸ್ಸಿನಲ್ಲಿ ಎಳೆಯ ಕಂಡಕ್ಟರೊಬ್ಬರು ಆಕ್ಷೇಪಿಸಿದರು. "ಯಜಮಾನ್ರೇ, ಅದನ್ನ ಕೆಳಗ ಇಡ್ರಿ. ಸೀಟು ಮಂದಿಗಿ."

"ಟಿಕೆಟ್ ತಗಂಡ ಮ್ಯಾಲೆ ಇದೂ ಮಂದೀನ. ಹರಿ ಒಂದು ಫುಲ್ಲು!"

"ಹಾಫ್ ಸಾಕಲ್ರೀ, ಇನ್ನಾ ಸಣ್ಣದೈತಿ" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು.

"ಹೊಟ್ಟಿ ನೋಡಲೇ! ಹಾಫ್ ಟಿಕೆಟ್ಟಿನ ಹೊಟ್ಟೇನಿದು?"

ಮನೆಗೆ ಬಂದದ್ದೇ ತಡ, ಅಂಗಳದ ಗೋಡೆಗೆ ಸುಣ್ಣ ಬಿತ್ತು. ಸುಣ್ಣಕ್ಕೆ ದೊಡ್ಡವ್ವ ಬಟ್ಟೆಗೆಂದು ಇಟ್ಟಿದ್ದ ನೀಲಿಯ ಬಾಟಲಿ ಪೂರ್ತಿ ಬಿತ್ತು.

"ನನ್ನ ಸೀರಿಗಿ ಇಲ್ಲದ ನೀಲಿ ಗ್ವಾಡಿಗ್ಯಾಕ್ರಿ?"

"ಸುಮ್ನಿರು. ನೀನೀಗ ಮೇಡಂ ಟರೇನಿಯನ್!"

ಸಿರುಗುಪ್ಪದಿಂದ ಹಳೆಯ ಪ್ರಯಾಣಿಕರೊಬ್ಬರು ತಂದುಕೊಟ್ಟ ಅಂಜೂರದ ಸಸಿ ಕುಂಡವನ್ನೇರಿತು. ದೊಡ್ಡಪ್ಪ ಅದಕ್ಕೆ ದಿನಕ್ಕೆರಡು ಬಾರಿ ನೀರೆರೆದು, ಎಲೆಗಳನ್ನು ಪ್ರಯಾಣಿಕರಂತೆ ಎಣಿಸುತ್ತಿದ್ದರು. ಹದಿನೈದು ದಿನಗಳಲ್ಲಿ ಎಲೆಗಳು ಹಳದಿಯಾಗಿ, ಒಂದೊಂದಾಗಿ ಇಳಿಯತೊಡಗಿದವು.

"ಬುಡದಾಗ ನೀರು ನಿಂತೈತ್ರಿ. ತೂತು ಹಾಕ್ರಿ" ಎಂದರು ದೊಡ್ಡವ್ವ.

"ಬಿ.ಎ. ಬ್ಯಾಡ ಅಂದೈತಿ."

"ಅಂಜೂರಿ ಬಿ.ಎ. ಓದೈತೇನು?"

ಓಣಿಯವರೆಲ್ಲ ಗೇಟಿನ ಬಳಿ ನಿಂತು ಇದೇ ಸಲಹೆ ಕೊಟ್ಟರು; ಎಲ್ಲರಿಗೂ ದೊಡ್ಡಪ್ಪನದು ಒಂದೇ ಉತ್ತರ. ಒಳಗೆ ನಾನು ಬೆವರುತ್ತಿದ್ದೆ. ಅಷ್ಟರಲ್ಲಿ ಗ್ರಂಥಾಲಯದ ತೋಟಗಾರಿಕೆಯ ಪುಸ್ತಕವೊಂದನ್ನು ತಿರುವಿದ್ದೆ. ಅದರ ಮೊದಲನೆಯ ಪುಟದ ಮೊದಲನೆಯ ನಿಯಮವೇ ತೂತು! ಸಸಿಯನ್ನು ಉಳಿಸಲೇ, ಪದವಿಯನ್ನು ಉಳಿಸಲೇ? ನಾಳೆ ಒಪ್ಪಿಕೊಳ್ಳೋಣವೆಂದು ಪ್ರತಿದಿನವೂ ನಿರ್ಧರಿಸಿದೆ.

ಆಗ ನಡೆಯಿತು ಪವಾಡ! ಬೋಳಾಗಿದ್ದ ಕಡ್ಡಿಯಲ್ಲಿ ಹಸಿರು ಚಿಗುರು! ದೊಡ್ಡಪ್ಪ ಓಣಿಯವರನ್ನೆಲ್ಲ ಕೂಗಿ ಕರೆದರು. "ನೋಡ್ರಿ, ಓದಿದಾವನ ಮಾತು!" ನನಗೂ ಪುಸ್ತಕದ ಮೇಲೆಯೇ ಅನುಮಾನ ಬಂತು. ಪಕ್ಕದ ಮನೆಯವರಿಗೆ, ಮಣ್ಣಿನ ಕುಂಡ ತನ್ನ ಮೈಯಿಂದಲೇ ನೀರನ್ನು ಬೆವರಿ ಹೊರಹಾಕುವ ವಿಧಾನದ ಕುರಿತು ಸುದೀರ್ಘವಾಗಿ ವಿವರಿಸಿಯೂಬಿಟ್ಟೆ.

ಮೊನ್ನೆ ಭಾನುವಾರ, ಗಿಡಕ್ಕೆ ಎಲ್ಲ ಕಡೆ ಬಿಸಿಲು ಬೀಳಲೆಂದು ಕುಂಡವನ್ನು ತಿರುಗಿಸಿದೆ. ಗೋಡೆಯ ಕಡೆಗಿದ್ದ ಬುಡದಲ್ಲಿ, ಉಳಿಯಿಂದ ಕೊರೆದ ರೂಪಾಯಿಯಗಲದ ತೂತು. ಅದರ ಕೆಳಗಿನ ನೆಲ ಒದ್ದೆಯಾಗಿತ್ತು.

"ದೊಡ್ಡಪ್ಪ, ಇದು..."

ಅವರು ಗೇಟಿನತ್ತ ನೋಡಿದರು. ಯಾರೂ ಇರಲಿಲ್ಲ. ನಾನು ಕಂಡಂತೆ ಮೊದಲ ಬಾರಿಗೆ ದನಿ ತಗ್ಗಿಸಿದರು. "ಮೆಲ್ಲಕ ಮಾತಾಡಲೇ. ಗಿಡ ಸಾಯೋದು ನೋಡಾಕ ಆಗಲಿಲ್ಲ. ಗ್ವಾಡಿ ಕಡಿ ಹಾಕೀನಿ, ಯಾರಿಗೂ ಕಾಣಂಗಿಲ್ಲ."

"ನಾ ತಪ್ಪು ಹೇಳೀನಿ, ದೊಡ್ಡಪ್ಪ. ಅವತ್ತ ಬೈಬೇಕಿತ್ತು."

"ಕುಂಡಕ್ಕ ತೂತು ಬಿದ್ರ ಗಿಡ ಬದುಕತೈತಿ. ನಮ್ಮ ಮನಿಯಾಗ ಮೊದಲು ಓದಿದಾವ ನೀನು. ಮಂದಿ ಮುಂದ ನಿನ್ನ ಮಾತಿಗಿ ತೂತು ಬಿದ್ರ..."

ತೂತನ್ನು ಮತ್ತೆ ಗೋಡೆಯ ಕಡೆಗೆ ತಿರುಗಿಸಲು ಅವರು ಬಾಗಿದರು. ನಾನು ಕುಂಡದ ಹೊಟ್ಟೆಯ ಮೇಲೆ ಕೈಯಿಟ್ಟು, "ಹೋಲ್ಡಾನ್" ಎಂದೆ.

ತೂತು ಈಗ ಓಣಿಯ ಕಡೆಗೇ ಇದೆ.