ಹನ್ನೊಂದು ಜನರ ಉಸಿರು

ಪ್ರೇಮನಾಥನ ಕಷ್ಟಕ್ಕೆಲ್ಲ ಗೇಣುದ್ದದ ಒಂದು ಪ್ಲಾಸ್ಟಿಕ್ ಕೊಳವೆ ಕಾರಣ. ಬಾಯಿಟ್ಟು ಊದಿದರೆ ಅದರ ಕೆಂಪು ಮುಳ್ಳು ಮೇಲೇರಿ, ಊದಿದವರ ಎದೆಯಲ್ಲಿ ಎಷ್ಟು ಬಲ ಉಳಿದಿದೆ ಎಂದು ತೋರಿಸುತ್ತಿತ್ತು. ಮುನ್ನೂರರ ಕೆಳಗೆ ನಿಂತರೆ ಅವರನ್ನು ರೋಗಿಯೆಂದು ಬರೆದುಕೊಳ್ಳಬೇಕು. ಯಾವ ಕಸುಬಿನಿಂದ ಯಾವ ಕಾಯಿಲೆ ಎಂದು ಪತ್ತೆ ಹಚ್ಚುವ ಯೋಜನೆಯಲ್ಲಿ ಅವನು ಆರು ವರ್ಷದಿಂದ ಗುತ್ತಿಗೆ ನೌಕರ. ಈವರೆಗೆ ಒಬ್ಬ ರೋಗಿಯೂ ಸಿಕ್ಕಿರಲಿಲ್ಲ.

"ಇವತ್ತೂ ಯಾರೂ ಸಿಕ್ಕದಿದ್ರೆ ಯೋಜನೆ ಮುಚ್ತದೆ. ನಿಮ್ಮ ಕೆಲಸವೂ ಹೋಗ್ತದೆ," ಎಂದು ಪುತ್ತೂರಿನ ಕಚೇರಿಯಲ್ಲಿ ಯೋಜನೆಯ ಮುಖ್ಯಸ್ಥೆ ಡಾಕ್ಟರ್ ಸುಪ್ರಿತಾ ಬೆಳಿಗ್ಗೆಯೇ ಹೇಳಿ ಕಳಿಸಿದ್ದರು.

ಕಬಕದಲ್ಲಿ ಮೈಮೂನಮ್ಮ ಬೀಡಿ ಕಟ್ಟುತ್ತಾ ಕೆಮ್ಮುವುದು ರಸ್ತೆಗೇ ಕೇಳುತ್ತಿತ್ತು. ಪ್ರೇಮನಾಥನಿಗೆ ಜೀವ ಬಂದಂತಾಯಿತು. ಅವನ ಚೀಲ ಕಂಡದ್ದೇ ಕೆಮ್ಮು ನಿಂತಿತು. ಅದು ಮದುವೆಮನೆಯ ಐಸ್‌ಕ್ರೀಮಿನ ಕೆಮ್ಮು ಎಂದರು. ಮದುವೆ ಯಾವಾಗ ಎಂದು ಕೇಳಿದರೆ, ಹೋದ ವರ್ಷ. ಊದುವುದು ಹೇಗೆಂದು ಅವನಿಂದಲೇ ಐದು ಸಲ ಊದಿಸಿ, ಎಲೆ ನೆನೆಸಲಿಕ್ಕುಂಟೆಂದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ನೆಲ್ಯಾಡಿಯಲ್ಲಿ ರಬ್ಬರ್ ಶೀಟು ಒಣಗಿಸುವ ಹೊಗೆಮನೆಯೊಳಗೆ ಕಣ್ಣು ತೆರೆಯಲಿಕ್ಕಾಗುತ್ತಿರಲಿಲ್ಲ. ಕೆಲಸದ ಇಬ್ಬರು ಧಣಿಯ ಮುಖ ನೋಡಿದರು, ಧಣಿ ಪ್ರೇಮನಾಥನ ಮುಖ ನೋಡಿದ. ಈ ಹೊಗೆಗೆ ಸೊಳ್ಳೆಯೇ ಬರುವುದಿಲ್ಲ, ಇನ್ನು ರೋಗ ಎಲ್ಲಿಂದ ಬರಬೇಕು ಎಂಬುದು ಧಣಿಯ ವಾದ. ಅಲ್ಲೂ ಊದಿದ್ದು ಪ್ರೇಮನಾಥ ಒಬ್ಬನೇ.

ಇಚಿಲಂಪಾಡಿಯ ಕೆಂಪುಕಲ್ಲಿನ ಕೋರೆಗೆ ಮುಟ್ಟುವಾಗ ಮೂರು ಗಂಟೆ. ಯಂತ್ರದ ಧೂಳು ಮೆತ್ತಿ ಅಲ್ಲಿ ಕಲ್ಲು ಕೊಯ್ಯುವ ಹನ್ನೊಂದು ಜನರೂ ಒಂದೇ ಅಳತೆಗೆ ಕೊಯ್ದ ಕಲ್ಲುಗಳ ಹಾಗೆ ಕಾಣುತ್ತಿದ್ದರು. ಒಬ್ಬೊಬ್ಬರಾಗಿ ಬಂದು ಊದಿದರು. ಆರುನೂರು, ಆರುನೂರ ಹತ್ತು, ಮತ್ತೆ ಆರುನೂರು. ನಾಲ್ಕನೆಯವನ ಲುಂಗಿಯಲ್ಲೂ ಮೊಣಕಾಲ ಹತ್ತಿರ ಅದೇ ತೂತು ಕಂಡಾಗ ಪ್ರೇಮನಾಥ ಅವನು ಧೂಳಿಗೆಂದು ಮುಖಕ್ಕೆ ಸುತ್ತಿದ್ದ ಬೈರಾಸು ಸರಿಸಿ ನೋಡಿದ. ವಾಲಿಬಾಲ್ ಆಡುವ ಸಫೀರ್. ಪ್ರತಿ ಸಲ ಬೈರಾಸನ್ನು ಬೇರೆ ರೀತಿ ಸುತ್ತಿಕೊಂಡು ಎಲ್ಲರ ಪಾಲನ್ನೂ ಅವನೇ ಊದುತ್ತಿದ್ದ. ಉಳಿದ ಹತ್ತು ಜನ ಕಲ್ಲಿನ ರಾಶಿಯ ಹಿಂದೆ ಕೂತು ಕೆಮ್ಮುತ್ತಿದ್ದರು.

ಅವರಲ್ಲಿ ಹಿರಿಯರಾದ ಆದಂ ಕುಂಞಿ ಎದ್ದು ಬಂದರು. ನಾಲ್ಕು ಹೆಜ್ಜೆಗೇ ಏದುಸಿರು.

"ನನ್ನ ಹೆಸರು ಬರೀಬೇಡಿ ಪ್ರೇಮಣ್ಣ. ಉಸಿರಿಲ್ಲ ಅಂತ ಗೊತ್ತಾದ್ರೆ ಧಣಿ ನಾಳೆಯಿಂದ ಬೇಡ ಅಂತಾರೆ."

ಆರು ವರ್ಷ ಹುಡುಕಿದ ರೋಗಿ ಎದುರಿಗೇ ನಿಂತಿದ್ದರು. ಪ್ರೇಮನಾಥ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಹನ್ನೊಂದು ಜನರೂ ಗಟ್ಟಿ ಎಂದು ಬರೆದ.

ಬಸ್ಸಿಗೆ ಕಾಯುತ್ತಾ ಕೂತವನು ಬೇಜಾರಿಗೆ ಕೊಳವೆ ಊದಿದ. ಇಷ್ಟು ವರ್ಷ ಮುಳ್ಳನ್ನು ಬೇರೆಯವರ ಕಡೆಗೆ ತಿರುಗಿಸಿಯೇ ಊದಿ ತೋರಿಸುತ್ತಿದ್ದ, ತನ್ನ ಕಡೆಗೆ ತಿರುಗಿಸಿದ್ದು ಇವತ್ತೇ. ಇನ್ನೂರ ಅರವತ್ತು. ಮತ್ತೆ ಊದಿದ. ಇನ್ನೂರ ನಲವತ್ತು. ಬೀಡಿಯ ಪುಡಿ, ರಬ್ಬರಿನ ಹೊಗೆ, ಕಲ್ಲಿನ ಧೂಳು ಎಲ್ಲವೂ ಆರು ವರ್ಷದಿಂದ ಅವನ ಎದೆಯಲ್ಲೇ ಮನೆ ಮಾಡಿದ್ದವು. ಮುಳ್ಳು ಕೆಳಗಿಳಿಸಿ ಮೂರನೆಯ ಸಲ ಊದಿದ, ಆಗಲೂ ಅಷ್ಟೇ. ಆಮೇಲೆ, ಅಂತೂ ಒಬ್ಬ ರೋಗಿ ಸಿಕ್ಕಿದನಲ್ಲ ಎಂದು ತನ್ನ ಹೆಸರನ್ನೇ ಬರೆದ.

ಸಂಜೆ ಸುಪ್ರಿತಾ ಮೇಡಂ ಹಾಳೆ ನೋಡಿ ಮುಖ ಅರಳಿಸಿದರು. ಯೋಜನೆ ಇನ್ನು ಮೂರು ವರ್ಷ ನಡೆಯುತ್ತದೆ ಎಂದರು. ಆಮೇಲೆ ಹೆಸರು ಓದಿದರು.

"ಈ ಎದೆ ಇಟ್ಕೊಂಡು ನಿಮ್ಮನ್ನು ಇನ್ನು ಧೂಳಿಗೆ ಕಳಿಸ್ಲಿಕ್ಕಾಗುದಿಲ್ಲ, ಪ್ರೇಮನಾಥ್. ಕೋರೆಯಲ್ಲಿ ಹನ್ನೊಂದು ಜನ ಗಟ್ಟಿ ಇದ್ದಾರಲ್ಲ, ಅವರಲ್ಲೇ ಒಬ್ಬರನ್ನು ನಿಮ್ಮ ಜಾಗಕ್ಕೆ ಹೇಳಿ."

ಆ ಹನ್ನೊಂದು ಜನರೂ ಒಬ್ಬನೇ ಎಂಬ ಮಾತು ಅವನ ನಾಲಗೆಯ ತುದಿಗೆ ಬಂತು. ಆದಂ ಕುಂಞಿಯ ಏದುಸಿರು ನೆನಪಾಯಿತು. ಸಫೀರನ ಹೆಸರು, ಫೋನ್ ನಂಬರು ಹೇಳಿ ಹೊರಗೆ ಬಂದ.

ಮನೆ ಮುಟ್ಟುವಷ್ಟರಲ್ಲಿ ಸಫೀರನ ಫೋನು.

"ಪ್ರೇಮಣ್ಣ, ಮೇಡಂ ಫೋನ್ ಮಾಡಿ ಎಲ್ಲ ಹೇಳಿದ್ರು, ನಿಮ್ಮ ಎದೆಯ ವಿಷಯವೂ. ಉಪಕಾರ ಆಯ್ತು. ಕೋರೆಯಲ್ಲಿ ನನ್ನ ಜಾಗ ಖಾಲಿ ಉಂಟು, ಧಣಿ ಹತ್ರ ನಿಮ್ಮ ಹೆಸರು ಹೇಳಿದ್ದೇನೆ. ಎದೆಯ ಚಿಂತೆ ಮಾಡ್ಬೇಡಿ. ಕೊಳವೆ ಹಿಡ್ಕೊಂಡು ಬರುದು ನಾನೇ ಅಲ್ವಾ, ನಿಮ್ಮದೂ ನಾನೇ ಊದ್ತೇನೆ."