ಮೂರು ಫರ್ಲಾಂಗಿನ ಪರದೇಶ

ಘೋಡಗೇರಿ, ೧೯೩೮

ಸಂಸ್ಥಾನದ ಗಡಿನಾಕೆಯ ಮೋಟಾರು ಅಧಿಕಾರಿಗಳಾದ ಶ್ರೀಮಾನ್ ವೀರಪ್ಪನವರ ಸನ್ನಿಧಿಗೆ,

ಮಾನ್ಯರೇ,

ಘೋಡಗೇರಿಯಿಂದ ಗೋಕಾಕಕ್ಕೆ ಬಾಡಿಗೆ ಮೋಟಾರು ಓಡಿಸುವ ಲಗಮಪ್ಪನ ಸಾಷ್ಟಾಂಗ ನಮಸ್ಕಾರಗಳು. ನಮ್ಮ ದಾರಿಯ ನಡುವಿನ ಮೂರು ಫರ್ಲಾಂಗು ತಮ್ಮ ಸಂಸ್ಥಾನಕ್ಕೆ ಸೇರಿದ್ದು, ಅಲ್ಲಿ ಇಂಗ್ರೇಜಿ ಸರಕಾರದ ಲೈಸನ್ಸು ಪರದೇಶದ್ದಾಗುತ್ತದೆಂದೂ, ಪರದೇಶದವನು ಹತ್ತು ದಿನ ಮೊದಲೇ ಅರ್ಜಿ ಕೊಟ್ಟು ಶಿಕ್ಕಾ ಹೊಡೆಸಿಕೊಳ್ಳದೆ ಸ್ಟೇರಿಂಗ್ ಮುಟ್ಟಬಾರದೆಂದೂ ತಾವು ಈ ತಿಂಗಳು ತಿಳಿಸಿಕೊಟ್ಟಿರಿ. ಹನ್ನೆರಡು ವರ್ಷಗಳಿಂದ ದಿನಕ್ಕೆರಡು ಸಲ ಪರದೇಶ ಪ್ರಯಾಣ ಮಾಡುತ್ತಿದ್ದೇನೆಂಬುದು ನನಗೆ ಗೊತ್ತೇ ಇರಲಿಲ್ಲ.

ಕಳೆದ ಸೋಮವಾರ, ಹೆರಿಗೆಗೆ ತವರಿಗೆ ಬಂದಿದ್ದ ನನ್ನ ಮಗಳು ಶಂಕ್ರವ್ವನಿಗೆ ಬೇನೆ ಎದ್ದು ಒಂದು ದಿನ ಕಳೆದರೂ ಹೆರಿಗೆಯಾಗದ್ದರಿಂದ, ಅವಳನ್ನೂ ಸೂಲಗಿತ್ತಿ ಗುಡ್ಡವ್ವನನ್ನೂ ಕೂರಿಸಿಕೊಂಡು ಗೋಕಾಕದ ಡಾಕ್ಟರರ ಕಡೆ ಹೊರಟೆ. ನಾನು ಕೊಟ್ಟ ಅರ್ಜಿಗೆ ಹತ್ತು ದಿನ ತುಂಬಲು ಇನ್ನೂ ಆರು ದಿನ ಬಾಕಿ ಇತ್ತು. ನಾಕೆಯಲ್ಲಿ ತಾವು ಮೋಟಾರು ತಡೆದು "ಬ್ಯಾನಿ ಬಂದ್ರ ಕಾಯ್ದೆ ಬದಲಾಗೂದಿಲ್ಲಪಾ" ಎಂದು ಬಲು ಸೌಜನ್ಯದಿಂದ ಹೇಳಿ, ಎಂಜಿನ್ ಆರಿಸಿ ಎತ್ತು ಹೂಡಿದರೆ ಮೋಟಾರೂ ಚಕ್ಕಡಿಯೇ ಎಂಬ ಉಪಾಯವನ್ನೂ ತೋರಿಸಿದಿರಿ. ಆದರೆ ಸ್ಟೇರಿಂಗ್ ಹಿಡಿಯಲು ಸಂಸ್ಥಾನದವನೇ ಬೇಕಲ್ಲ; ಹಾಗಾಗಿ ನಾಕೆಯ ಬಳಿಯ ಚಕ್ಕಡಿಯವನು, ಹುಟ್ಟಿದಂದಿನಿಂದ ಮೋಟಾರು ಹತ್ತದ ಮಾಲಿಂಗಪ್ಪ ನನ್ನ ಸೀಟಿನಲ್ಲಿ ಕುಳಿತ. ನಾನು ಅವನ ಎತ್ತುಗಳ ಹಗ್ಗ ಹಿಡಿದು ಮುಂದೆ ನಡೆದೆ. ಅವನು ಸ್ಟೇರಿಂಗಿಗೂ "ಹೋ, ಹೋ" ಅನ್ನುತ್ತ ಎರಡು ಸಲ ಜಾಲಿಕಂಟಿಗೆ ನುಗ್ಗಿಸಿದ. ಹಿಂದೆ ಮಗಳು ಚೀರುತ್ತಿದ್ದಳು. ನನ್ನ ಜೀವ ಬಾಯಿಗೆ ಬಂದಿತ್ತು, ಸಿಟ್ಟು ಅದಕ್ಕಿಂತ ಮೊದಲೇ ಬಂದಿತ್ತು, ಆದರೂ ಕಾಯ್ದೆ ಮುರಿಯಲಿಲ್ಲ.

ಎರಡನೆಯ ಫರ್ಲಾಂಗು ಕಲ್ಲಿನ ಹತ್ತಿರ ಹೆರಿಗೆಯಾಯಿತು. ಗಂಡು. ತಾಯಿ, ಕೂಸು ಇಬ್ಬರೂ ಕ್ಷೇಮ. ಗುಡ್ಡವ್ವ ಕೂಸನ್ನು ಸೆರಗಿನಲ್ಲಿ ಸುತ್ತಿ, "ಲಗಮಣ್ಣಾ, ನಿನ್ನ ಮೊಮ್ಮಗ ಪರದೇಶದಾಗ ಹುಟ್ಯಾನ ನೋಡಪಾ" ಎಂದಾಗಲೇ ಈ ಬಿನ್ನಹ ನನಗೆ ಹೊಳೆದದ್ದು.

ಕೂಸು ತಮ್ಮ ಸಂಸ್ಥಾನದ ಖಾಸಾ ಪ್ರಜೆ. ಆದ್ದರಿಂದ ಲೈಸನ್ಸನ್ನು ದಯಮಾಡಿ ಅವನ ಹೆಸರಿಗೇ ಕೊಡಬೇಕು. ಅವನು ನನ್ನ ತೊಡೆಯ ಮೇಲೆ ಮಲಗಿ ಮೋಟಾರು ನಡೆಸುವನು. ಕಾಲು ಬ್ರೇಕಿಗೆ ಎಟಕುವ ತನಕ ಪರದೇಶದವನಾದ ನಾನು ಕೈಕಾಲು ಮಾತ್ರ ಒದಗಿಸುವೆನು. ನಡುವೆ ಅವನಿಗೆ ನಿದ್ದೆ ಹತ್ತಿದರೆ ಮಾಲಿಂಗಪ್ಪನನ್ನು ಕರೆಯುವೆವು.

ಈ ವಯಸ್ಸಿನಲ್ಲಿ ಎತ್ತು ಹೊಡೆಯುವುದನ್ನು ತಮ್ಮಿಂದ ಕಲಿತ,
ತಮ್ಮ ವಿಶ್ವಾಸಿ,
ಲಗಮಪ್ಪ

ತಾ.ಕ.: ಉಪಕಾರ ಮರೆಯಬಾರದೆಂದು ಕೂಸಿಗೆ ವೀರಪ್ಪ ಎಂದೇ ಹೆಸರಿಟ್ಟಿದ್ದೇವೆ. ಅದು ಅರಿವೆ ಹೊಲಸು ಮಾಡಿದಾಗಲೆಲ್ಲ ಗುಡ್ಡವ್ವ "ಏ ವೀರಪ್ಪಾ, ಮತ್ತ ಅದನ್ನ ಮಾಡಿದೇನೋ?" ಎಂದು ಗದರುತ್ತಾಳೆ. ಅವಳ ದನಿ ದೊಡ್ಡದು. ನಾಕೆಯವರೆಗೆ ಕೇಳಿಸಿದರೆ, ಅದು ತಮಗಲ್ಲವೆಂದೇ ತಿಳಿಯಬೇಕು.