ಸಿಳ್ಳು ವಾಪಸ್ ಕೊಡಿ

ಲಿನೆಟ್: ಸರಿಯಾಗಿ ಬಿಡಿಸಿ ಹೇಳು ಮಾರಾಯ. ಮೆಷಿನ್ ಕೆಟ್ಟಿಲ್ಲ, ಕೆಟ್ಟಿರೋದು ನಿನ್ನ ತಲೆ ಅಂತ.

ನಾನು: ಸ್ವಲ್ಪ ಸುಮ್ನಿರ್ತೀಯಾ? ದೂರು ನನ್ನದು. ನಾನೇ ಹೇಳ್ತೀನಿ.

ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕಿವಿ ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ ನಾವು ಜಗಳವಾಡುತ್ತಿದ್ದೆವು. ನಾನು ಟ್ರೆವರ್. ಲಿನೆಟ್ ನನ್ನ ಹೆಂಡತಿ. ಮೇಜಿನ ಆಚೆ ತಾಳ್ಮೆಯಿಂದ ಕೂತಿದ್ದವಳು ಹನಾನ್, ಕಿವಿ ಮೆಷಿನ್ ಹೊಂದಿಸಿ ಕೊಡುವ ಹುಡುಗಿ. ಹೋದ ವಾರ ಲಿನೆಟ್ ನನಗೊಂದು ಮಾತೂ ಹೇಳದೆ ನನ್ನ ಮೆಷಿನ್ನನ್ನು ಇಲ್ಲಿಗೆ ತಂದು ರಿಪೇರಿ ಮಾಡಿಸಿದ್ದಳು. ಅವತ್ತು ಅಂಗೈಯಲ್ಲಿ ಹಿಡಿದು ನೋಡಿದ್ದಷ್ಟೇ, ಆಮೇಲೆ ಅದನ್ನು ನಾನು ಹಟಕ್ಕೆ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಬರಿಗಿವಿಗೆ ಯಾರಾದರೂ ಎದುರು ಕೂತು ಗಟ್ಟಿಯಾಗಿ ಹೇಳಿದರೆ ಕೇಳುತ್ತದೆ, ಇಲ್ಲವೇ ಕೂಗಿದರೆ ಕೇಳುತ್ತದೆ. ಲಿನೆಟ್ ಯಾವಾಗಲೂ ಕೂಗಿಯೇ ಮಾತಾಡುವುದು.

ಹನಾನ್: ಹೇಳಿ ಟ್ರೆವರ್. ಏನು ತೊಂದರೆ?

ನಾನು: ಸಿಳ್ಳು.

ಹನಾನ್: ಇನ್ನೂ ಬರ್ತಿದ್ಯಾ?

ನಾನು: ಬರ್ತಿಲ್ಲ.

ಹನಾನ್: ಸರಿಹೋಯ್ತಲ್ಲ ಮತ್ತೆ.

ನಾನು: ಎಲ್ಲಿ ಸರಿಹೋಯ್ತು? ಮೊದಲು ಬರ್ತಿತ್ತು, ಈಗ ಬರ್ತಿಲ್ಲ. ವಾಪಸ್ ಹಾಕಿಕೊಡಿ.

ಹನಾನ್ ನನ್ನ ತಲೆಯ ಮೇಲಿಂದ ಲಿನೆಟ್ ಕಡೆ ನೋಡಿದಳು. ಮಕ್ಕಳನ್ನು ಕರೆತಂದ ತಾಯಂದಿರ ಕಡೆ ಡಾಕ್ಟರುಗಳು ನೋಡುವುದು ಹಾಗೆ.

ಹನಾನ್: ತಲೆಸುತ್ತು ಏನಾದ್ರೂ ಇದ್ಯಾ? ಯಾರೋ ಮಾತಾಡಿದ ಹಾಗೆ ಅನ್ಸತ್ತಾ?

ಲಿನೆಟ್: ಅದೆಲ್ಲ ಏನಿಲ್ಲಮ್ಮ. ಇವನು ಸಂಗೀತಗಾರ.

ಹನಾನ್ ಮುಖ ಅರಳಿತು.

ಹನಾನ್: ಹೌದಾ? ಏನು ನುಡಿಸ್ತೀರಿ?

ಲಿನೆಟ್: ತಗಡು.

ನಾನು: ತಗಡು ನುಡಿಸೋನು ಗಾರ್ಡನ್ ಅಂತ, ನನ್ನ ಜೊತೆಗಾರ. ನನ್ನದು ಗ್ರೈಂಡರ್, ಡ್ರಿಲ್ಲು, ಹಳೇ ರೇಡಿಯೋ.

ನಮ್ಮ ತಂಡದ ಹೆಸರು 'ಎರಡನೇ ಪಾಳಿ'. ಕಾರ್ಖಾನೆಯ ಸದ್ದನ್ನೇ ಸಂಗೀತ ಮಾಡುತ್ತೇವೆಂದು ಯೌವನದಲ್ಲಿ ಹೊರಟವರು ನಾವು. ಕಾರ್ಖಾನೆಗಳು ಮುಚ್ಚಿದವು, ಯೌವನವೂ ಮುಗಿಯಿತು, ನಾವು ಮಾತ್ರ ಇನ್ನೂ ಪಾಳಿ ಮುಗಿಸಿಲ್ಲ. ಇದನ್ನೆಲ್ಲ ಗಂಭೀರವಾಗಿ ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಲಿನೆಟ್ ಶುರು ಮಾಡಿಬಿಟ್ಟಿದ್ದಳು.

ಲಿನೆಟ್: ಮದುವೆ ಆದ ವರ್ಷ ಒಂದು ರೆಕಾರ್ಡ್ ತಂದ್ರು. ತಗೊಂಡವನೊಬ್ಬ ಮಾರನೇ ದಿನವೇ ಅಂಗಡಿಗೆ ಬಂದು, ಇದು ಕೆಟ್ಟಿದೆ, ಬರೀ ಗರಗರ ಅನ್ನತ್ತೆ ಅಂತ ವಾಪಸ್ ಕೊಟ್ಟ. ಅಂಗಡಿಯವನು ಒಳ್ಳೆಯವನು. ಇನ್ನೊಂದು ಕೊಟ್ಟ. ಅದೂ ಗರಗರ ಅಂತು.

ನಾನು: ಎರಡನೇದನ್ನ ಅವನು ವಾಪಸ್ ಕೊಡಲಿಲ್ಲ. ಅದನ್ನ ಯಾಕೆ ಹೇಳಲ್ಲ ನೀನು?

ಲಿನೆಟ್: ಕೊಡಲಿಲ್ಲ. ಈಗ ನಿನ್ನ ಪಕ್ಕದಲ್ಲಿ ನಿಂತು ತಗಡು ಬಡೀತಿದಾನೆ. ಅವನೇ ಕಣಮ್ಮ ಗಾರ್ಡನ್. ಅವನ ಹೆಂಡತಿ ಇವತ್ತಿಗೂ ಆ ಅಂಗಡಿಯವನನ್ನ ಕಂಡ್ರೆ ಮಾತಾಡಲ್ಲ.

ಹನಾನ್ ನಗು ತಡೆಯಲು ಕಂಪ್ಯೂಟರಿನ ಕಡೆ ತಿರುಗಿದಳು. ನಾನು ವಿಷಯಕ್ಕೆ ಬಂದೆ. ಶನಿವಾರ ನಮ್ಮ ಕಾರ್ಯಕ್ರಮ. ಚಾಕು-ಚಮಚ ತಯಾರಿಸುತ್ತಿದ್ದ ಹಳೇ ಕಾರ್ಖಾನೆಯೊಂದನ್ನು ಈಗ ಕಾಫಿ ಅಂಗಡಿ ಮಾಡಿದ್ದಾರೆ, ಅಲ್ಲಿ. ಎಷ್ಟೋ ವರ್ಷಗಳ ನಂತರ ಯಾರೋ ನಮ್ಮನ್ನು ತಾವಾಗಿ ಕರೆದಿದ್ದರು. ಅದಕ್ಕಾಗಿ ಕಟ್ಟಿದ ಹೊಸ ಕೃತಿ ಪೂರ್ತಿ ನಿಂತಿರುವುದೇ ನನ್ನ ಕಿವಿ ಮೆಷಿನ್ನಿನ ಸಿಳ್ಳಿನ ಮೇಲೆ. ಅಂಗೈಯನ್ನು ಕಿವಿಯ ಹತ್ತಿರ ತಂದರೆ ಸಿಳ್ಳು ಏರುತ್ತಿತ್ತು, ದೂರ ಒಯ್ದರೆ ನರಳುತ್ತಿತ್ತು. ಹುಟ್ಟಿದಾಗಿನಿಂದ ಅಂಥ ಸದ್ದಿಗಾಗಿ ಹುಡುಕುತ್ತಿದ್ದೆ. ಸರ್ಕಾರ ಅದನ್ನು ಬಿಟ್ಟಿಯಾಗಿ ಕಿವಿಯಲ್ಲೇ ಇಟ್ಟು ಕಳಿಸಿತ್ತು.

ಲಿನೆಟ್: ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಂಡಿದೀಯಲ್ಲ. ಅದನ್ನೇ ಹಾಕು.

ನಾನು: ಅದು ಮೋಸ ಕಣೇ. ಜನ ದುಡ್ಡು ಕೊಟ್ಟು ಬರ್ತಾರೆ.

ಲಿನೆಟ್: ಬರೋದು ನಾವು ಹೆಂಡ್ತೀರು. ಬಿಟ್ಟಿ ಟಿಕೆಟ್ಟಲ್ಲಿ.

ಹನಾನ್: ಅಷ್ಟಕ್ಕೂ ಆ ಸಿಳ್ಳು ಹೇಗಿತ್ತು? ಕೇಳಿಸಿ ನೋಡೋಣ.

ನನ್ನನ್ನು ಯಾರೂ ಹಾಗೆ ಕೇಳುವುದಿಲ್ಲ. ಖುಷಿಯಲ್ಲಿ ಫೋನಿನ ದನಿಯನ್ನು ಪೂರ್ತಿ ಏರಿಸಿ ಒತ್ತಿದೆ. ಹನಾನ್ ಎರಡೂ ಕಿವಿ ಮುಚ್ಚಿಕೊಂಡಳು. ಬಾಗಿಲಿನ ಗಾಜಿನಾಚೆ ಕುರ್ಚಿಗಳು ಉರುಳಿದ್ದು ಕಂಡಿತು. ಬೆಂಕಿಯ ಗಂಟೆಯೆಂದು ತಿಳಿದು ಜನ ಹೊರಗೆ ಓಡಿದ್ದರು. ಕಿವಿ ಆಸ್ಪತ್ರೆಯಾದ್ದರಿಂದ ಓಡಿದವರೆಲ್ಲ ಜೊತೆಗೆ ಬಂದವರು. ರೋಗಿಗಳು ಕೂತಲ್ಲೇ ಕೂತು ಪತ್ರಿಕೆ ಓದುತ್ತಿದ್ದರು.

ಹನಾನ್ ಹೋಗಿ ಎಲ್ಲರನ್ನೂ ಸಮಾಧಾನ ಮಾಡಿ, ಗಂಡಂದಿರನ್ನು ಬಿಟ್ಟು ಓಡಿದ ಹೆಂಗಸರನ್ನು ಒಳಗೆ ಕರೆತಂದು ಕೂರಿಸಿ ಬಂದಳು. ಇನ್ನು ನಮ್ಮನ್ನೂ ಹೊರಗೆ ಹಾಕುತ್ತಾಳೆಂದುಕೊಂಡು ನಾನು ಟೋಪಿ ಕೈಗೆತ್ತಿಕೊಂಡೆ. ಅವಳು ಬಾಗಿಲು ಭದ್ರವಾಗಿ ಹಾಕಿದಳು.

ಹನಾನ್: ಇನ್ನೊಂದ್ಸಲ ಹಾಕಿ. ಮೆಲ್ಲಗೆ.

ಲಿನೆಟ್: ಬೇಡಮ್ಮ. ಗಾರ್ಡನ್ ಕೂಡ ಹೀಗೇ ಶುರು ಮಾಡಿದ್ದು.

ಹನಾನ್: ಚೆನ್ನಾಗಿಲ್ಲ, ನಿಜ. ಹಲ್ಲೆಲ್ಲ ಜುಂ ಅಂತು. ಆದ್ರೆ ನಿಂತಾಗ, ಯಾಕೆ ನಿಂತಿತೋ ಅನ್ನಿಸ್ತು. ಯಾಕೆ ಹಾಗೆ?

ಇದಕ್ಕೆ ನನ್ನ ಹತ್ತಿರ ದೊಡ್ಡ ದೊಡ್ಡ ಉತ್ತರಗಳಿದ್ದವು. ಒಂದು ಕಾಲಕ್ಕೆ ಅವನ್ನು ಅಚ್ಚು ಹಾಕಿಸಿ ಹಂಚುತ್ತಿದ್ದೆವು. ಅವತ್ತು ಯಾಕೋ ಅವು ಯಾವುವೂ ಬಾಯಿಗೆ ಬರಲಿಲ್ಲ.

ನಾನು: ನಮ್ಮ ಮನೆ ಹಿಂದೇನೇ ಉಕ್ಕಿನ ಕಾರ್ಖಾನೆ ಇತ್ತಮ್ಮ. ರಾತ್ರಿಯಿಡೀ ದೊಡ್ಡ ಸುತ್ತಿಗೆ ಬೀಳೋದು. ಬಿದ್ದಾಗ ಮಂಚ ಅದುರೋದು, ಅಡಿಗೆಮನೇಲಿ ಕಪ್ಪುಗಳು ಕುಣಿಯೋವು. ನನಗೆ ಭಯ. ಆದ್ರೆ ಒಂದು ಏಟು ಬಿದ್ದ ಮೇಲೆ ಇನ್ನೊಂದು ಬೀಳೋ ತನಕ ಉಸಿರು ಬಿಗಿ ಹಿಡಿದು ಕಾಯ್ತಿದ್ದೆ. ಬಿತ್ತು ಅಂದ್ರೆ ಅಪ್ಪ ಅಲ್ಲಿದಾನೆ ಅಂತ ಅರ್ಥ. ಕಾರ್ಖಾನೆ ಮುಚ್ಚಿದ ರಾತ್ರಿ ಬೀದಿಗೆ ಬೀದಿನೇ ಎದ್ದು ಕೂತಿತ್ತು. ಸದ್ದಿಲ್ಲದೆ ಯಾರಿಗೂ ನಿದ್ದೆ ಬರಲಿಲ್ಲ.

ಲಿನೆಟ್ ನನ್ನ ಕೋಟಿನ ಕಾಲರು ಸರಿಮಾಡಿದಳು. ಸರಿಮಾಡುವಂಥದ್ದೇನೂ ಅದರಲ್ಲಿರಲಿಲ್ಲ.

ಆಮೇಲೆ ಹನಾನ್ ಸ್ಪಷ್ಟವಾಗಿ ಹೇಳಿದಳು. ಸಿಳ್ಳು ವಾಪಸ್ ಹಾಕಿಕೊಡಬಹುದು. ಆದರೆ ಸಿಳ್ಳು ಬರುವಷ್ಟು ಸಡಿಲ ಬಿಟ್ಟರೆ ಮಾತು ಅದರಡಿ ಮುಚ್ಚಿಹೋಗುತ್ತದೆ. ಎರಡರಲ್ಲಿ ಒಂದು ಆರಿಸಿಕೊಳ್ಳಬೇಕು.

ನಾನು: ಸಿಳ್ಳು.

ಲಿನೆಟ್: ನೋಡಮ್ಮ, ಯೋಚನೆ ಕೂಡ ಮಾಡಲಿಲ್ಲ. ಮದುವೆಗೆ ಮುಂಚೆ ನಾನು ಚರ್ಚಿನಲ್ಲಿ ಹಾಡ್ತಿದ್ದೆ. ಇವನ ಡ್ರಿಲ್ಲಿನ ಸದ್ದನ್ನ ಮೀರಿ ಊಟಕ್ಕೆ ಬಾ ಅಂತ ಕೂಗಿ ಕೂಗಿ ಗಂಟಲು ಹೋಯ್ತು. ಈಗ ಇವನ ಕಿವೀನೂ ಹೋಯ್ತು, ಇನ್ನೂ ಕೂಗ್ತಿದೀನಿ.

ಹನಾನ್: ಟ್ರೆವರ್, ತೀರ್ಮಾನಕ್ಕೆ ಮುಂಚೆ ಒಂದ್ಸಲ ಹಾಕ್ಕೊಂಡು ನೋಡಿ. ಪರಿಚಯದ ದನಿ ಎಷ್ಟು ಕೇಳತ್ತೆ ಅಂತ ನಾನು ಪರೀಕ್ಷೆ ಮಾಡ್ಲೇಬೇಕು.

ನಾನು ಮುಖ ಸಿಂಡರಿಸಿಕೊಂಡು ಮೆಷಿನ್ ಹಾಕಿಕೊಂಡೆ. ಓದಲು ಹನಾನ್ ಲಿನೆಟ್‌ಗೆ ಕೊಟ್ಟ ಹಾಳೆಯಲ್ಲಿ ಬೆಕ್ಕು ಚಾಪೆ ಮೇಲೆ ಕೂತಿದೆ ಎಂಬಂಥ ವಾಕ್ಯಗಳಿದ್ದವು. ಲಿನೆಟ್ ಹಾಳೆಯನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡಳು. ಕೂಗದೆ, ಸಾಧಾರಣ ದನಿಯಲ್ಲಿ ಹೇಳಿದಳು.

ಲಿನೆಟ್: ಟ್ರೆವರ್, ನನಗೆ ಸಾಕಾಗಿದೆ. ಇನ್ನು ಕೂಗೋಕೆ ನನ್ನ ಕೈಲಾಗಲ್ಲ.

ನಾನು: ಇನ್ನೊಂದ್ಸಲ ಹೇಳು.

ಲಿನೆಟ್: ನೋಡಿದ್ಯಾ ಹನಾನ್? ಮೆಷಿನ್ ಇದ್ರೂ ಕೇಳಿಸಲ್ಲ.

ನಾನು: ಕೇಳಿಸ್ತು. ಅದಕ್ಕೇ ಇನ್ನೊಂದ್ಸಲ ಅಂದಿದ್ದು.

ಅವಳು ಇನ್ನೊಂದು ಸಲ ಹೇಳಿದಳು. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ.

ನಾನು: ಲಿನೆಟ್, ನಿನ್ನ ದನಿ ತುಕ್ಕು ಹಿಡಿದ ತಗಡನ್ನ ಸಿಮೆಂಟು ನೆಲದ ಮೇಲೆ ಎಳೆದ ಹಾಗಿದೆ.

ಹನಾನ್: ಅಯ್ಯೋ, ಹಾಗೆಲ್ಲ ಅನ್ನಬಾರದು ಟ್ರೆವರ್.

ಲಿನೆಟ್ ಕೆನ್ನೆ ಕೆಂಪಾಗಿತ್ತು.

ಲಿನೆಟ್: ನೀನು ಸುಮ್ನಿರಮ್ಮ. ನಲವತ್ತು ವರ್ಷದಲ್ಲಿ ಇವನು ನನ್ನ ಇಷ್ಟು ಹೊಗಳಿದ್ದಿಲ್ಲ.

ನಾನು: ಕೆಳಗೆ ಗರಗರ, ಮೇಲೆ ಒಂದು ಸಣ್ಣ ಸೀಳು. ಗ್ರೈಂಡರ್ ಇಟ್ಕೊಂಡು ಜೀವಮಾನ ಪೂರ್ತಿ ಒದ್ದಾಡಿದೀನಿ, ಇಂಥದ್ದು ಒಂದೂ ಬರಲಿಲ್ಲ.

ನನ್ನ ಡ್ರಿಲ್ಲು ಅವಳನ್ನು ಕೂಗಿಸಿ ಕೂಗಿಸಿ ಮಾಡಿದ ದನಿ ಅದು. ನನ್ನ ಜೀವನದಲ್ಲಿ ನಾನು ತಯಾರಿಸಿದ ಒಳ್ಳೆಯ ಸದ್ದು ಅದೊಂದೇ, ಮತ್ತು ಅದನ್ನು ತಯಾರಿಸಿದ್ದು ನನಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಶನಿವಾರದ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ.

ನಾನು: ಸಿಳ್ಳು ಬೇಡ ಹನಾನ್, ಹೀಗೇ ಇರಲಿ. ಲಿನೆಟ್, ಶನಿವಾರ ಸಿಳ್ಳಿನ ಜಾಗದಲ್ಲಿ ನೀನು ಬರ್ತೀಯಾ?

ಲಿನೆಟ್: ಬಂದು ಏನು ಮಾಡ್ಬೇಕು?

ನಾನು: ನನ್ನ ಬೈಯೋದು. ಕೂಗಬೇಡ, ಮೈಕ್ ಇರತ್ತೆ. ಈಗ ಹೇಳಿದೆಯಲ್ಲ, ಅಷ್ಟೇ ಮೆಲ್ಲಗೆ.

ಲಿನೆಟ್ ಕೈಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

ಲಿನೆಟ್: ಬರ್ತೀನಿ. ಆದ್ರೆ ಮೆಷಿನ್ ಹಾಕ್ಕೊಂಡಿರ್ಬೇಕು ನೀನು. ನಲವತ್ತು ವರ್ಷ ಅಭ್ಯಾಸ ಮಾಡಿದೀನಿ, ಕೇಳೋನು ಒಬ್ಬನಾದ್ರೂ ಇರಲಿ.